ಮನೆಯಲ್ಲೇ ಇರುವವಳ ತಲೆಗೆ ಬೆಲೆ ಎಷ್ಟು?

ಅಪಘಾತ ಪರಿಹಾರದ ಅರ್ಜಿಯಲ್ಲಿ ‘ಉದ್ಯೋಗ’ ಎಂದೊಂದು ಕಾಲಂ ಇರುತ್ತದೆ. ಗಂಡಸರ ಅರ್ಜಿಯಾದರೆ ಅಲ್ಲಿ ಏನಾದರೊಂದು ಬರೆದೇ ಇರುತ್ತಾರೆ. ಕೃಷಿ, ಗಾರೆ ಕೆಲಸ, ತೆಂಗಿನಕಾಯಿ ವ್ಯಾಪಾರ, ಏನೂ ತೋಚದಿದ್ದರೆ ‘ಕೂಲಿ’. ಹೆಂಗಸರ ಅರ್ಜಿಯಲ್ಲಿ ಸಾಮಾನ್ಯವಾಗಿ ಒಂದೇ ಪದ: ‘ಗೃಹಿಣಿ’. ಬಾಯಿಮಾತಿನಲ್ಲಿ ಅದು ಇನ್ನೂ ಅಗ್ಗವಾಗುತ್ತದೆ. ‘ಅವಳಿಗೇನು ಕೆಲಸ ಸಾರ್, ಮನೇಲೇ ಇರೋದು!’ ಈ ಮಾತು ಹೇಳುವವರು ವಿಮಾ ಕಂಪೆನಿಯವರು ಎಂದು ತಿಳಿಯಬೇಡಿ. ಹೇಳುವವರು ನಮ್ಮ ಗಂಡಂದಿರು, ನಾವೇ ಹೆತ್ತು ಓದಿಸಿದ ಮಕ್ಕಳು, ಎಷ್ಟೋ ಸಲ ಸ್ವತಃ ನಾವೇ. ವಿಮಾ ಕಂಪೆನಿಯವರು ಅದನ್ನು ಬರೆದುಕೊಳ್ಳುತ್ತಾರೆ, ಅಷ್ಟೆ.

ಕಾಲು ಮುರಿದವಳ ವಿಷಯದಲ್ಲಿ ಈ ಮಾತನ್ನು ಹೇಗೋ ಸಹಿಸಬಹುದು. ಕಾಲಿಗೆ ಎಕ್ಸ್‌ರೇ ಇದೆ, ಒಳಗೆ ಕೂರಿಸಿದ ರಾಡಿದೆ, ಅವಳು ಕುಂಟುವುದು ನ್ಯಾಯಾಧೀಶರ ಕಣ್ಣಿಗೇ ಕಾಣುತ್ತದೆ. ತಲೆಗೆ ಪೆಟ್ಟು ಬಿದ್ದವಳ ಗತಿ ಬೇರೆ. ಅವಳು ನಡೆಯುತ್ತಾಳೆ, ಉಣ್ಣುತ್ತಾಳೆ, ಸೀರೆ ಉಟ್ಟು ತಲೆ ಬಾಚಿಕೊಂಡು ಕೋರ್ಟಿಗೆ ಬರುತ್ತಾಳೆ. ಕಳೆದದ್ದೇನು ಎಂದು ತೋರಿಸಲು ಮೈಮೇಲೆ ಗುರುತಿಲ್ಲ. ಅದು ಕಾಣುವುದು ಅವಳು ಮಾಡುತ್ತಿದ್ದ ಕೆಲಸದಲ್ಲಿ ಮಾತ್ರ. ಆ ಕೆಲಸ ಕೆಲಸವೇ ಅಲ್ಲ ಎಂದು ಮೊದಲ ಪುಟದಲ್ಲೇ ಬರೆದುಕೊಟ್ಟ ಮೇಲೆ, ಕಳೆದದ್ದು ಏನೆಂದು ಯಾರು ಕೇಳುತ್ತಾರೆ?

ನನ್ನ ತಂಗಿಯ ವಿಷಯ ಹೇಳುತ್ತೇನೆ. 2018ರ ಮೇ ತಿಂಗಳಲ್ಲಿ ಮದುವೆಯೊಂದನ್ನು ಮುಗಿಸಿಕೊಂಡು ಬಾಡಿಗೆ ಕಾರಿನಲ್ಲಿ ಬರುತ್ತಿದ್ದಾಗ, ಕಡೂರು ದಾಟಿ ಬೀರೂರಿನ ಕಡೆ ಹೊರಟ ಮೇಲೆ, ಮುಸ್ಸಂಜೆಯ ಹೊತ್ತಿನಲ್ಲಿ, ಹಿಂದಿನ ದೀಪವಿಲ್ಲದೆ ರಸ್ತೆಯಲ್ಲೇ ನಿಂತಿದ್ದ ಲಾರಿಗೆ ಕಾರು ಗುದ್ದಿತು. ಹಿಂದಿನ ಸೀಟಿನಲ್ಲಿದ್ದ ಅವಳಿಗೆ ಆಗ 41 ವರ್ಷ. ಮುರಿದ ಮೂಳೆ ಒಂದೇ, ಬಲಗಡೆಯ ಕೊರಳೆಲುಬು. ಆದರೆ ಹನ್ನೊಂದು ದಿನ ಅವಳಿಗೆ ಸರಿಯಾದ ಎಚ್ಚರವಿರಲಿಲ್ಲ. ಆಸ್ಪತ್ರೆಯಿಂದ ಕಳಿಸುವಾಗ ಎಲ್ಲರೂ ಹೇಳಿದ್ದು ಒಂದೇ ಮಾತು: ‘ಪುಣ್ಯ ಮಾಡಿದ್ದೀರಿ, ಕೈಕಾಲು ನೆಟ್ಟಗಿದೆ.’

ಕೈಕಾಲು ನೆಟ್ಟಗಿತ್ತು, ನಿಜ. ಮನೆಗೆ ಬಂದ ಎರಡು ತಿಂಗಳಲ್ಲಿ ಅವಳು ಅಡುಗೆಮನೆಗೂ ಹೋದಳು. ಒಂದು ಒಲೆಯ ಮೇಲೆ ಅನ್ನಕ್ಕೆ ಇಟ್ಟರೆ ಇನ್ನೊಂದು ಒಲೆಯ ಮೇಲಿನ ಬೇಳೆಯನ್ನು ಮರೆಯುತ್ತಿದ್ದಳು. ಹಾಲು ಸೀದು ಪಾತ್ರೆ ಕಪ್ಪಾದರೂ ಪಕ್ಕದಲ್ಲೇ ನಿಂತಿರುತ್ತಿದ್ದಳು. ಅವಳಿಗೆ ವಾಸನೆಯೇ ಹೋಗಿತ್ತು! ಮೂಗಿನಿಂದ ಮೆದುಳಿಗೆ ಹೋಗುವ ನರದ ಎಳೆಗಳು ಜರಡಿಯಂಥ ತೆಳು ಮೂಳೆಯೊಂದರ ರಂಧ್ರಗಳ ಮೂಲಕ ಹಾದುಹೋಗುತ್ತವಂತೆ; ತಲೆ ಜೋರಾಗಿ ಅಲುಗಿದಾಗ ಅವು ಹರಿದುಹೋಗುವುದುಂಟು. ಹಳಸಿದ ಸಾರು, ಹುಳಿ ಬಂದ ಮೊಸರು, ಗ್ಯಾಸ್ ಸೋರಿಕೆ, ಯಾವುದೂ ಅವಳಿಗೆ ತಿಳಿಯದು. ಗುಮಾಸ್ತನೊಬ್ಬನಿಗೆ ವಾಸನೆ ಹೋದರೆ ಅವನ ಕೆಲಸಕ್ಕೆ ಏನೂ ಆಗುವುದಿಲ್ಲ. ಅಡುಗೆ ಮಾಡುವವಳಿಗೆ ಹೋದರೆ?

ಓದುಗ ಸೋದರಿಯರೇ, ನಾವು ದಿನಾ ಬೆಳಿಗ್ಗೆ ಆರರಿಂದ ಒಂಬತ್ತರವರೆಗೆ ಮಾಡುವುದನ್ನು ಒಮ್ಮೆ ನಿಂತು ಲೆಕ್ಕ ಹಾಕಿ. ನಲ್ಲಿಯಲ್ಲಿ ನೀರು ಬಂತೆಂದು ತುಂಬಿಸುತ್ತಾ, ದೋಸೆ ಹುಯ್ಯುತ್ತಾ, ಮಗನ ಟಿಫಿನ್ ಡಬ್ಬಿಗೆ ಯಾವ ಪಲ್ಯ ಎಂದು ಯೋಚಿಸುತ್ತಾ, ಅತ್ತೆಯ ಮಾತ್ರೆ ಊಟಕ್ಕೆ ಮುಂಚೆಯೋ ನಂತರವೋ ನೆನಪಿಟ್ಟುಕೊಂಡು, ಬಾಗಿಲಿಗೆ ಬಂದ ಹಾಲಿನವನಿಗೆ ನಿನ್ನೆ ಅರ್ಧ ಲೀಟರ್ ಕಡಿಮೆ ಕೊಟ್ಟೆ ಎಂದು ಹೇಳುತ್ತೇವೆ. ಹಣೆಯ ಹಿಂದಿನ ಮೆದುಳಿನ ಭಾಗಕ್ಕೆ ಇದಕ್ಕಿಂತ ಕಠಿಣ ಪರೀಕ್ಷೆಯನ್ನು ಯಾವ ಮನಶ್ಶಾಸ್ತ್ರಜ್ಞರೂ ತಯಾರಿಸಿರಲಾರರು. ಮುಂದಾಲೋಚನೆ, ಏಕಕಾಲಕ್ಕೆ ನಾಲ್ಕು ಕಡೆ ಗಮನ, ಯಾವುದು ಮೊದಲು ಯಾವುದು ಆಮೇಲೆ ಎನ್ನುವ ನಿರ್ಧಾರ, ಬಂದ ಸಿಟ್ಟನ್ನು ನುಂಗಿಕೊಳ್ಳುವ ಶಕ್ತಿ ಎಲ್ಲವೂ ಬಹುಮಟ್ಟಿಗೆ ಆ ಭಾಗದ ಕೆಲಸ. ಕಾರು ಗುದ್ದಿದಾಗ ತಲೆಬುರುಡೆಯೊಳಗೆ ಮುಂದಕ್ಕೂ ಹಿಂದಕ್ಕೂ ಅಪ್ಪಳಿಸಿ ಪೆಟ್ಟು ತಿನ್ನುವುದರಲ್ಲಿ ಆ ಭಾಗವೇ ಮುಂದು. ಮೆದುಳಿನೊಳಗಿನ ಸೂಕ್ಷ್ಮ ತಂತುಗಳು ಹರಿದದ್ದು ಮಾಮೂಲಿ ಸ್ಕ್ಯಾನಿನಲ್ಲಿ ಕಾಣದೆಯೂ ಇರಬಹುದು.

ನನ್ನ ತಂಗಿ ತಮ್ಮೂರಿನ ಸ್ತ್ರೀಶಕ್ತಿ ಸಂಘದ ಲೆಕ್ಕ ಬರೆಯುತ್ತಿದ್ದವಳು. ಯಾರು ಎಷ್ಟು ಸಾಲ ತೆಗೆದರು, ಎಷ್ಟು ಕಂತು ಕಟ್ಟಿದರು ಎಂಬುದನ್ನು ಪುಸ್ತಕ ನೋಡದೆ ಹೇಳುತ್ತಿದ್ದಳು. ಅಪಘಾತದ ನಂತರ ಮೂರನೆಯ ವಾರಕ್ಕೇ ಸಂಘದವರು ಪುಸ್ತಕವನ್ನು ಮೆಲ್ಲಗೆ ಬೇರೆಯವರಿಗೆ ದಾಟಿಸಿದರು. ಅಕ್ಷರ ಮೊದಲಿನಂತೆಯೇ ದುಂಡಗಿತ್ತು, ಕೂಡಿಸಿದ್ದು ಮಾತ್ರ ತಪ್ಪು. ಇದರ ಜೊತೆಗೆ ಎಂದೂ ಇಲ್ಲದ ಸಿಟ್ಟು. ಮಗಳು ಜಡೆ ಹಾಕು ಎಂದರೆ ಬಾಚಣಿಗೆಯಲ್ಲೇ ಹೊಡೆಯುವುದು. ಮನೆಯಲ್ಲಿ ಕೆಲವರು ನಾಟಕ ಎಂದರು. ಕೆಲವರು ಗಾಳಿ ಎಂದು ಹೇಳಿ ತಾಯತ ಕಟ್ಟಿಸಿದರು. ‘ತಲೆಗೆ ಪೆಟ್ಟು ಬಿದ್ದಿದೆ’ ಎಂಬ ಮಾತನ್ನು ಆಸ್ಪತ್ರೆಯ ಕಾಗದದಲ್ಲೇ ಓದಿದವರು, ಆ ಪೆಟ್ಟಿಗೂ ಈ ನಡವಳಿಕೆಗೂ ಗಂಟು ಹಾಕಲು ಒಂದು ವರ್ಷ ತೆಗೆದುಕೊಂಡರು. ಕೊನೆಗೆ ಬೆಂಗಳೂರಿನ ನಿಮ್ಹಾನ್ಸ್‌ಗೆ ಕರೆದೊಯ್ದಾಗ ಪದಗಳು, ಅಂಕಿಗಳು, ಚಿತ್ರಗಳನ್ನು ಕೊಟ್ಟು ಗಂಟೆಗಟ್ಟಲೆ ಪರೀಕ್ಷೆ ಮಾಡಿದರು. ಗಮನ, ನೆನಪು, ಯೋಜನೆ ಮೂರೂ ಕುಗ್ಗಿವೆ ಎಂದು ವರದಿ ಬಂತು. ಅದಕ್ಕೊಂದು ಹೆಸರಿದೆ ಎಂದು ತಿಳಿದಾಗ ನನ್ನ ತಾಯಿ ಅತ್ತದ್ದು ದುಃಖಕ್ಕಲ್ಲ, ಮಗಳು ನಾಟಕ ಮಾಡುತ್ತಿರಲಿಲ್ಲವಲ್ಲ ಎಂಬ ಸಮಾಧಾನಕ್ಕೆ.

ಇನ್ನು ಕೋರ್ಟು. ಅವಳ ಪಾಟೀಸವಾಲಿನ ದಿನ ನಾನು ಶಾಲೆಗೆ ರಜೆ ಹಾಕಿ ಹೋಗಿದ್ದೆ. ವಿಮಾ ಕಂಪೆನಿಯ ವಕೀಲರು ಬಹಳ ಮರ್ಯಾದೆಯ ಮನುಷ್ಯರು; ದನಿ ಎತ್ತಲಿಲ್ಲ. ‘ನಿಮ್ಮ ಹೆಸರೇನಮ್ಮ?’ ಹೇಳಿದಳು. ‘ಇವತ್ತು ಯಾವ ವಾರ?’ ಹೇಳಿದಳು. ‘ನಡೆದುಕೊಂಡೇ ಬಂದಿರಲ್ಲವೇ?’ ಹೌದು ಎಂದಳು. ‘ಯಜಮಾನರ ಹೆಸರು?’ ಠಣ್ ಎಂದು ಹೇಳಿದಳು. ಇಪ್ಪತ್ತು ವರ್ಷದ ಸಂಸಾರದಲ್ಲಿ ರೇಷನ್ ಅಂಗಡಿಯವನು ಕೇಳಿದರೂ ಗಂಡನ ಹೆಸರನ್ನು ಬಾಯಿಬಿಟ್ಟು ಹೇಳದೆ ಮಗಳಿಂದ ಹೇಳಿಸುತ್ತಿದ್ದವಳು! ಆ ಸಂಕೋಚ ಒಳ್ಳೆಯದೆಂದು ನಾನು ಹೇಳುತ್ತಿಲ್ಲ, ನಾನಂತೂ ನನ್ನ ಯಜಮಾನರ ಹೆಸರು ಹಿಡಿದೇ ಕೂಗುತ್ತೇನೆ. ಆದರೆ ಹಿಂಜರಿಕೆ ಎನ್ನುವ ಗುಣವೇ ಅವಳಿಂದ ಕಳಚಿಬಿದ್ದದ್ದಕ್ಕೆ ಅದಕ್ಕಿಂತ ಬೇರೆ ಸಾಕ್ಷಿ ಬೇಕಿರಲಿಲ್ಲ. ಅಲ್ಲಿದ್ದವರಲ್ಲಿ ಅದು ಗೊತ್ತಾದದ್ದು ನನಗೂ ನನ್ನ ತಾಯಿಗೂ ಮಾತ್ರ. ವಕೀಲರು ‘ನೋಡಿ ಸ್ವಾಮಿ, ಜ್ಞಾಪಕಶಕ್ತಿ ಚೆನ್ನಾಗಿಯೇ ಇದೆ’ ಎಂದು ಕುಳಿತರು.

ನಮ್ಮ ಕಡೆಯ ವಕೀಲರು ನಿಮ್ಹಾನ್ಸ್ ವರದಿಯನ್ನು ಕಡತಕ್ಕೆ ಸೇರಿಸಿದರು. ಅದನ್ನು ಬರೆದವರನ್ನು ಸಾಕ್ಷಿಯಾಗಿ ಕರೆಸಲಿಲ್ಲ. ವರದಿ ಎಷ್ಟೇ ಚೆನ್ನಾಗಿರಲಿ, ಅದರ ಬಗ್ಗೆ ಬಂದು ನುಡಿಯುವ ವೈದ್ಯರಿಲ್ಲದಿದ್ದರೆ ಅದು ಬರೀ ಕಾಗದ ಎಂಬುದು ನಮಗೆ ತಿಳಿದದ್ದು ತೀರ್ಪು ಬಂದ ಮೇಲೆ. ಸಾಕ್ಷಿ ನುಡಿದವರು ಸ್ಥಳೀಯ ಮೂಳೆ ವೈದ್ಯರು. ಕೊರಳೆಲುಬು ಸರಿಯಾಗಿ ಕೂಡದೆ ಬಲತೋಳಿಗೆ ಶೇಕಡಾ 36 ಊನ ಎಂದರು. ಅದರ ಮೂರನೆಯ ಒಂದು ಭಾಗ, ಎಂದರೆ ಶೇಕಡಾ 12, ಇಡೀ ದೇಹದ ಊನ ಎಂದು 2021ರ ತೀರ್ಪಿನಲ್ಲಿ ಹಿಡಿದರು. ಮೆದುಳಿನ ಲೆಕ್ಕ ಪರಿಹಾರಕ್ಕೆ ಬರಲೇ ಇಲ್ಲ!

ನಾನು ಗಣಿತದ ಮೇಡಂ ಅಲ್ಲ, ಸಮಾಜ ವಿಜ್ಞಾನ ಕಲಿಸುವವಳು. ಆದರೂ ಈ ಲೆಕ್ಕವನ್ನು ಕರಿಹಲಗೆಯ ಮೇಲೆ ಬರೆದಂತೆ ಬರೆಯುತ್ತೇನೆ. ಗೃಹಿಣಿಯ ಕಾಲ್ಪನಿಕ ಆದಾಯ ತಿಂಗಳಿಗೆ 8,000 ರೂಪಾಯಿ, ವರ್ಷಕ್ಕೆ 96,000. 41ರಿಂದ 45 ವರ್ಷದವರಿಗೆ ಗುಣಕ 14. ಇದು 2009ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಿದ ಕೋಷ್ಟಕ. ಗುಣಿಸಿದರೆ 13,44,000. ಅದರಲ್ಲಿ ಶೇಕಡಾ 12 ಎಂದರೆ 1,61,280 ರೂಪಾಯಿ. ಅವಳು ಮುಂದೆ ಬದುಕುವಷ್ಟು ಕಾಲ ಕಳೆದುಕೊಳ್ಳುವ ದುಡಿಮೆಯ ಬೆಲೆ ಇದು. ಇದೇ ಲೆಕ್ಕದಲ್ಲಿ ಒಂದೇ ಒಂದು ಅಂಕಿಯನ್ನು ಬದಲಿಸಿ. ಒಬ್ಬಳೇ ಅಡುಗೆ ಮಾಡಲಾರದ, ಒಬ್ಬಳೇ ಸಂತೆಗೆ ಹೋಗಿಬರಲಾರದ, ಮಕ್ಕಳನ್ನು ನಂಬಿ ಬಿಟ್ಟುಹೋಗಲಾರದ ಹೆಂಗಸಿನ ದುಡಿಮೆಯ ನಷ್ಟ ಶೇಕಡಾ 60 ಎಂದು ಹಿಡಿಯಿರಿ. ನಾನಾದರೆ ಅದಕ್ಕೂ ಹೆಚ್ಚು ಹಿಡಿಯುತ್ತೇನೆ. ಆಗ ಮೊತ್ತ 8,06,400 ಆಗುತ್ತದೆ. ಕಾನೂನು ಬದಲಾಗಿಲ್ಲ, ಗುಣಕ ಬದಲಾಗಿಲ್ಲ, 8,000 ಎಂಬ ಜುಜುಬಿ ಆದಾಯವೂ ಬದಲಾಗಿಲ್ಲ. ಬದಲಾದದ್ದು ನೋಟ ಮಾತ್ರ.

ಈ ನೋಟವನ್ನು ಕಾನೂನು ಕಲಿಸಿಲ್ಲ ಎಂದೂ ಹೇಳುವಂತಿಲ್ಲ. 2010ರಲ್ಲೇ ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿದೆ: ದೇಹಕ್ಕೆ ಎಷ್ಟು ಶೇಕಡಾ ಊನ ಎಂಬುದು ಒಂದು ಪ್ರಶ್ನೆ, ಅದರಿಂದ ದುಡಿಮೆ ಎಷ್ಟು ಹೋಯಿತು ಎಂಬುದು ಬೇರೆ ಪ್ರಶ್ನೆ. ಎಡಗೈ ಕಳೆದುಕೊಂಡ ಬಡಗಿಗೂ ಎಡಗೈ ಕಳೆದುಕೊಂಡ ಸರ್ಕಾರಿ ಗುಮಾಸ್ತನಿಗೂ ನಷ್ಟ ಒಂದೇ ಅಲ್ಲ. ಬಡಗಿಗೆ ಒಪ್ಪುವ ನ್ಯಾಯ ಅಡುಗೆಮನೆಗೆ ಏಕೆ ಬರುವುದಿಲ್ಲ? ಬಡಗಿಯದು ಕೆಲಸ ಎಂದು ಎಲ್ಲರೂ ಮೊದಲೇ ಒಪ್ಪಿರುತ್ತಾರೆ, ಅದಕ್ಕೆ.

ಗೃಹಿಣಿಯ ದುಡಿಮೆಗೆ ಬೆಲೆ ಕಟ್ಟುವ ಕಥೆಯೇ ಒಂದು ದೊಡ್ಡ ಪಾಠ. ಮೋಟಾರು ವಾಹನ ಕಾಯಿದೆಗೆ 1994ರಲ್ಲಿ ಸೇರಿಸಿದ ಪಟ್ಟಿಯಲ್ಲಿ ಸಂಪಾದನೆಯಿಲ್ಲದವರ ಆದಾಯ ವರ್ಷಕ್ಕೆ 15,000 ರೂಪಾಯಿ ಎಂದಿತ್ತು; ಸಂಪಾದಿಸದ ಹೆಂಡತಿಯಾದರೆ ಗಂಡನ ಆದಾಯದ ಮೂರನೆಯ ಒಂದು ಭಾಗ! ಅವನು ಕುಡಿದು ಕೆಲಸ ಬಿಟ್ಟವನಾದರೆ ಅವಳ ರೊಟ್ಟಿಯ ಬೆಲೆಯೂ ಇಳಿಯಬೇಕೇನೋ. 1989ರ ಮಾರ್ಚಿನಲ್ಲಿ ಜಮ್‌ಷೆಡ್‌ಪುರದ ಸಮಾರಂಭವೊಂದರಲ್ಲಿ ಬೆಂಕಿ ಬಿದ್ದು ಅನೇಕ ಹೆಂಗಸರು, ಮಕ್ಕಳು ಸತ್ತರು. ಆ ಪ್ರಕರಣದಲ್ಲಿ 2001ರಲ್ಲಿ ಸುಪ್ರೀಂ ಕೋರ್ಟ್ 34ರಿಂದ 59 ವಯಸ್ಸಿನ ಗೃಹಿಣಿಯ ಸೇವೆಗೆ ತಿಂಗಳಿಗೆ 3,000 ರೂಪಾಯಿ ಎಂದು ಗೊತ್ತುಮಾಡಿತು. 2010ರ ಇನ್ನೊಂದು ತೀರ್ಪಿನಲ್ಲಿ, ಜನಗಣತಿಯು ಗೃಹಿಣಿಯರನ್ನು ದುಡಿಯದವರೆಂದು ಭಿಕ್ಷುಕರು, ವೇಶ್ಯೆಯರು, ಕೈದಿಗಳ ಸಾಲಿನಲ್ಲಿ ಸೇರಿಸಿರುವುದನ್ನು ನ್ಯಾಯಮೂರ್ತಿಗಳೇ ಎತ್ತಿ ತೋರಿಸಿ ಖಂಡಿಸಿದರು. 2011ರ ಜನಗಣತಿಗೆ ಮನೆಮನೆ ತಿರುಗಿದವಳು ನಾನು. ಸೆಗಣಿ ತಟ್ಟುತ್ತಿದ್ದ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತಾ ಎದ್ದುಬಂದ ಹೆಂಗಸೊಬ್ಬಳು ‘ನಂದೇನೂ ಕೆಲಸ ಇಲ್ಲ ಟೀಚರೇ’ ಎಂದದ್ದು ಇನ್ನೂ ಕಿವಿಯಲ್ಲಿದೆ. ನಮ್ಮ ಫಾರಮಿನಲ್ಲಿ ಮನೆವಾರ್ತೆಗೆ ಜಾಗವಿತ್ತು. ಆದರೆ ದುಡಿಮೆಯ ಕಾಲಮಿನಲ್ಲಲ್ಲ.

2021ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಮತ್ತೊಮ್ಮೆ ಇದನ್ನೇ ಒತ್ತಿ ಹೇಳಿತು. 2019ರ ಸರ್ಕಾರಿ ಸಮೀಕ್ಷೆಯನ್ನು ಮುಂದಿಟ್ಟುಕೊಂಡು, ಹೆಂಗಸರು ಸಂಬಳವಿಲ್ಲದ ಮನೆಗೆಲಸದಲ್ಲಿ ದಿನಕ್ಕೆ ಸರಾಸರಿ 299 ನಿಮಿಷ ಕಳೆಯುತ್ತಾರೆ, ಗಂಡಸರು 97 ನಿಮಿಷ ಎಂದು ತೋರಿಸಿತು. ಮನೆಮಂದಿಯ ಆರೈಕೆಗೆ ಹೆಂಗಸರದು ಇನ್ನೂ 134 ನಿಮಿಷ. ಇಷ್ಟೆಲ್ಲ ದೆಹಲಿಯಲ್ಲಿ ಬರೆದಿಟ್ಟಿದೆ. ನಮ್ಮ ಊರಿನ ಕೋರ್ಟಿನ ಮೆಟ್ಟಿಲು ಹತ್ತಲು ಅದಕ್ಕೆ ಇನ್ನೂ ಕಾಲು ಬಂದಿಲ್ಲ.

ಆರೈಕೆ ಎಂದೆನಲ್ಲ, ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕೆರಳಿಸುವುದು ಅದೇ. 72ರ ನನ್ನ ತಾಯಿ ಆ ಮನೆಗೆ ಹೋಗಿ ನಿಂತು ಮೂರು ವರ್ಷ ಒಲೆ ಕಾದರು. ಪಿಯುಸಿ ಓದುತ್ತಿದ್ದ ಮಗಳು ಸಂಜೆಯ ಟ್ಯೂಷನ್ ಬಿಟ್ಟು ಅಮ್ಮನಿಗೆ ಫಿಟ್ಸ್ ಮಾತ್ರೆ ಕೊಡುವುದು, ಗ್ಯಾಸಿನ ಕೀಲಿ ತಿರುಗಿಸುವುದು ಮಾಡಿದಳು. ತೀರ್ಪಿನಲ್ಲಿ ಪರಿಚಾರಕರ ವೆಚ್ಚ ಎಂದು ಸಿಕ್ಕಿದ್ದು ಆಸ್ಪತ್ರೆಯಲ್ಲಿದ್ದ ದಿನಗಳಿಗೆ 10,000 ರೂಪಾಯಿ. ಮನೆಗೆ ಬಂದ ಮೇಲೆ ‘ಕುಟುಂಬದವರೇ ನೋಡಿಕೊಂಡಿದ್ದಾರೆ’, ಆದ್ದರಿಂದ ಖರ್ಚಿಲ್ಲ. ಎಂದರೆ ಒಬ್ಬ ಹೆಂಗಸಿನ ದುಡಿಮೆ ಹೋದದ್ದಕ್ಕೂ ಬೆಲೆಯಿಲ್ಲ, ಅದನ್ನು ತುಂಬಿಕೊಡಲು ಇನ್ನಿಬ್ಬರು ಹೆಂಗಸರು ಸವೆದದ್ದಕ್ಕೂ ಬೆಲೆಯಿಲ್ಲ.

2007ರಲ್ಲಿ ಟ್ರ್ಯಾಕ್ಟರಿನಲ್ಲಿ ಹೋಗುತ್ತಿದ್ದ 12 ವರ್ಷದ ಹುಡುಗಿಯೊಬ್ಬಳಿಗೆ ಲಾರಿ ಗುದ್ದಿ ಮೆದುಳಿಗೆ ಭಾರೀ ಪೆಟ್ಟಾಯಿತು. ಅವಳ ಬುದ್ಧಿ ಒಂಬತ್ತು ತಿಂಗಳ ಕೂಸಿನ ಮಟ್ಟದಲ್ಲಿ ನಿಂತುಬಿಟ್ಟಿತು. 2020ರಲ್ಲಿ ಸುಪ್ರೀಂ ಕೋರ್ಟ್ ಅವಳಿಗೆ ದಿನಕ್ಕೆ ಇಬ್ಬರು ಪರಿಚಾರಕರು ಬೇಕು ಎಂದು ಲೆಕ್ಕ ಹಾಕಿ, ತಲಾ ತಿಂಗಳಿಗೆ 5,000 ರೂಪಾಯಿಯಂತೆ, 18ರ ಗುಣಕ ಹಿಡಿದು ಆ ಬಾಬ್ತಿಗೇ 21,60,000 ರೂಪಾಯಿ ಕೊಟ್ಟಿತು. ಒಟ್ಟು ಪರಿಹಾರ 62,27,000. ಕೆಳಗಿನ ನ್ಯಾಯಮಂಡಳಿ ಕೊಟ್ಟದ್ದು ಹನ್ನೊಂದು ಲಕ್ಷ ಚಿಲ್ಲರೆ. ಮಗಳನ್ನು ಎತ್ತಿ ಇಳಿಸುವವರು ಯಾರು, ಅವರಿಗೇನು ಕೊಡಬೇಕು ಎಂದು ಕೇಳುವ ನ್ಯಾಯಾಧೀಶರು ಸಿಗುವ ತನಕ ಆ ಮನೆಯವರು ಹದಿಮೂರು ವರ್ಷ ಕಾಯಬೇಕಾಯಿತು.

‘ದುಡ್ಡಿನಿಂದ ಹೋದ ತಲೆ ಬರುತ್ತದೆಯೇ? ಹೆಂಡತಿಯ ತಲೆ ತೋರಿಸಿ ಕಾಸು ಮಾಡುವುದು ಮರ್ಯಾದಸ್ಥರ ಲಕ್ಷಣವೇ?’ ಎನ್ನುವವರಿದ್ದಾರೆ. ನಮ್ಮ ಬಂಧುಗಳಲ್ಲೇ ಇದ್ದಾರೆ. ಅವರ ಸೈಟಿನ ಒಂದು ಅಡಿ ಪಕ್ಕದವನು ಒತ್ತಿದಾಗ ಇದೇ ವೈರಾಗ್ಯ ತೋರಿಸುತ್ತಾರೆಯೇ? ಸುಳ್ಳು ಕ್ಲೇಮುಗಳು ಬರುತ್ತವೆ, ಆಗದ ಅಪಘಾತಕ್ಕೆ ಗಾಯದ ಪ್ರಮಾಣಪತ್ರ ಮಾಡಿಸುವವರಿದ್ದಾರೆ ಎಂಬುದೂ ಸುಳ್ಳಲ್ಲ. ಕಳ್ಳರನ್ನು ಹಿಡಿಯಲಿ. ಕಳ್ಳರಿದ್ದಾರೆಂದು ಪರೀಕ್ಷೆಯನ್ನೇ ಮಾಡದೆ ಇಡೀ ತರಗತಿಯನ್ನು ಫೇಲು ಮಾಡುವುದು ಯಾವ ಶಾಲೆಯ ಪದ್ಧತಿ?

ವಕೀಲರ ವಿಷಯವನ್ನೂ ಹೇಳಿಬಿಡುತ್ತೇನೆ, ಬೇಸರಪಟ್ಟುಕೊಂಡರೆ ಪಟ್ಟುಕೊಳ್ಳಲಿ. ಆಸ್ಪತ್ರೆಯ ವಾರ್ಡಿಗೇ ಬಂದು ‘ನೀವೇನೂ ಕೊಡಬೇಡಿ, ಬಂದದ್ದರಲ್ಲಿ ಇಷ್ಟು ಪರ್ಸೆಂಟ್’ ಎನ್ನುವವರು ಎಲ್ಲ ಊರಲ್ಲೂ ಇದ್ದಾರೆ. ಗೆದ್ದ ಹಣದಲ್ಲಿ ಪಾಲು ಎಂದು ಶುಲ್ಕ ಗೊತ್ತುಮಾಡುವುದನ್ನು ವಕೀಲರ ಪರಿಷತ್ತಿನ ನಿಯಮವೇ ನಿಷೇಧಿಸಿದೆ. ಪಾಲಿನ ಆಸೆಗೆ ಕೇಸು ಬೇಗ ಮುಗಿಯಬೇಕು. ಬೇಗ ಮುಗಿಯಬೇಕೆಂದರೆ ಲೋಕ ಅದಾಲತ್ತು. ಅದಾಲತ್ತನ್ನು ನಾನು ದೂರುವುದಿಲ್ಲ, ಕೊರಳೆಲುಬಿಗೆ ಅದು ಸಾಕು. ಆದರೆ ಅಲ್ಲಿ ಸಹಿ ಹಾಕಿದ ರಾಜಿಗೆ ಮೇಲ್ಮನವಿ ಇಲ್ಲ. ತಲೆಯ ಪೆಟ್ಟು ಎಷ್ಟು ವಾಸಿಯಾಗುತ್ತದೆ, ಎಷ್ಟು ಉಳಿಯುತ್ತದೆ ಎಂದು ಖಚಿತವಾಗಲು ಒಂದೆರಡು ವರ್ಷವೇ ಬೇಕಾಗಬಹುದು. ಆರನೇ ತಿಂಗಳಿಗೆ ಸಹಿ ಹಾಕಿಸಿಕೊಂಡರೆ ಏಳನೇ ತಿಂಗಳ ಫಿಟ್ಸ್‌ಗೆ ಯಾರು ಹೊಣೆ?

ಸರ್ಕಾರ 2025ರ ಮೇ ತಿಂಗಳಲ್ಲಿ ಅಪಘಾತಕ್ಕೆ ಸಿಕ್ಕವರಿಗೆ ನಗದುರಹಿತ ಚಿಕಿತ್ಸೆಯ ಯೋಜನೆ ತಂದಿದೆ: ಒಂದೂವರೆ ಲಕ್ಷ ರೂಪಾಯಿಯವರೆಗೆ, ಏಳು ದಿನಗಳ ಮಟ್ಟಿಗೆ. ಒಳ್ಳೆಯದೇ, ಜೀವ ಉಳಿಯುತ್ತದೆ. ಎಂಟನೆಯ ದಿನದಿಂದ ಮನೆಯ ಹೆಂಗಸರ ಯೋಜನೆ ಶುರುವಾಗುತ್ತದೆ. ಅಂಗವಿಕಲರ ಹಕ್ಕುಗಳ 2016ರ ಕಾಯಿದೆಯಲ್ಲಿ 21 ಬಗೆಯ ಅಂಗವೈಕಲ್ಯಗಳ ಪಟ್ಟಿಯಿದೆ. ಪೆಟ್ಟಿನಿಂದಾದ ಮೆದುಳಿನ ಹಾನಿಗೆ ಅದರಲ್ಲಿ ಪ್ರತ್ಯೇಕ ಹೆಸರಿಲ್ಲ. ಹೆಸರಿಲ್ಲದ್ದಕ್ಕೆ ಪ್ರಮಾಣಪತ್ರ ಮಾಡಿಸಿಕೊಳ್ಳುವುದು ಹೇಗೆಂದು ನಮ್ಮ ಜಿಲ್ಲಾಸ್ಪತ್ರೆಯ ಸಾಲಿನಲ್ಲಿ ನಾಲ್ಕು ದಿನ ನಿಂತವರನ್ನು ಕೇಳಿ.

ತಂಗಿಯ ಮೇಲ್ಮನವಿ ಹೈಕೋರ್ಟಿನಲ್ಲಿದೆ. ಈ ಸಲ ಸಂಘದ ಲೆಕ್ಕದ ಪುಸ್ತಕವನ್ನೂ ಹೆಚ್ಚುವರಿ ಸಾಕ್ಷ್ಯವಾಗಿ ನೋಡಬೇಕೆಂದು ಅರ್ಜಿ ಹಾಕಿಸಿದ್ದೇವೆ, ಅಪಘಾತದ ಹಿಂದಿನ ಪುಟಗಳು ಮತ್ತು ಮುಂದಿನ ಪುಟಗಳು.

ನಿಮ್ಮ ಮನೆಯಲ್ಲೋ ನೆರೆಯಲ್ಲೋ ಇಂಥವರಿದ್ದರೆ ತಡಮಾಡಬೇಡಿ. 2019ರ ತಿದ್ದುಪಡಿ 2022ರ ಏಪ್ರಿಲ್‌ನಲ್ಲಿ ಜಾರಿಗೆ ಬಂದ ಮೇಲೆ ಅಪಘಾತವಾದ ಆರು ತಿಂಗಳೊಳಗೆ ಅರ್ಜಿ ಹಾಕಬೇಕೆಂಬ ನಿಯಮವಿದೆ. ಅದನ್ನು ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಿದ್ದಾರೆ, ಆದರೆ ಆ ಭರವಸೆಯ ಮೇಲೆ ಕೂರಬೇಡಿ. ಅರ್ಜಿ ಹಾಕುವುದು ಬೇಗ, ರಾಜಿಯಾಗುವುದು ನಿಧಾನ. ಪ್ರಯಾಣಿಕಳಾಗಿ ಕುಳಿತಿದ್ದವಳಿಗೆ ಕಾರಿನವನ ತಪ್ಪೆಷ್ಟು ಲಾರಿಯವನ ತಪ್ಪೆಷ್ಟು ಎಂಬ ಜಗಳ ಕಟ್ಟಿಕೊಳ್ಳಬೇಕಾಗಿಲ್ಲ, ಇಬ್ಬರಲ್ಲಿ ಯಾರಿಂದಲಾದರೂ ಪೂರ್ತಿ ಕೇಳಬಹುದು. ವಾಸವಿರುವ ಊರಿನ ವ್ಯಾಪ್ತಿಯ ನ್ಯಾಯಮಂಡಳಿಯಲ್ಲೇ ಅರ್ಜಿ ಹಾಕಬಹುದು. ಮೆದುಳಿನ ಪರೀಕ್ಷೆ ಮಾಡಿದವರನ್ನು ಸಾಕ್ಷಿಗೆ ಕರೆಸಿ ಎಂದು ವಕೀಲರನ್ನು ಪಟ್ಟು ಹಿಡಿದು ಕೇಳಿ. ವಕೀಲರಿಗೆ ಕೊಡಲು ಹಣವಿಲ್ಲ ಎನ್ನಬೇಡಿ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯಿದೆಯ ಪ್ರಕಾರ ಹೆಂಗಸರಿಗೆ ಆದಾಯ ಎಷ್ಟೇ ಇರಲಿ ಉಚಿತ ಕಾನೂನು ನೆರವು ಸಿಗಬೇಕು. ತಾಲ್ಲೂಕು ಕಾನೂನು ಸೇವಾ ಸಮಿತಿ ಎಲ್ಲಿದೆ ಎಂದು ಕೋರ್ಟಿನಲ್ಲೇ ಕೇಳಿ. ಹೋಗುವಾಗ ಎಫ್‌ಐಆರ್, ಡಿಸ್ಚಾರ್ಜ್ ಕಾಗದ, ಔಷಧಿ ಬಿಲ್ಲುಗಳ ಜೊತೆಗೆ ಅವಳ ಕೈಬರಹದ ಹಾಲಿನ ಲೆಕ್ಕ, ದಿನಸಿ ಚೀಟಿ, ಚೀಟಿ ಹಣದ ಪುಸ್ತಕ, ಏನಿದೆಯೋ ಎಲ್ಲವನ್ನೂ ಒಯ್ಯಿರಿ. ದಿನಾಂಕ ಹಾಕಿರುವ ಪುಟಗಳನ್ನು ಮೇಲೆ ಇಡಿ.